ನನ್ನ ಭರಣಿ, ಅವಳ ಡಬ್ಬಿ

ನನ್ನ ಗಂಡನ ಸಾಯಂಕಾಲಗಳನ್ನು ಕದ್ದವಳಿಗೆ ಅರವತ್ತು ದಾಟಿತ್ತು. ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲುಗಳಿರಲಿಲ್ಲ. ಮೊಣಕಾಲು ನೋವೆಂದು ಬೇಸಿಗೆಯಲ್ಲೂ ಉಣ್ಣೆ ಬಟ್ಟೆ ಸುತ್ತಿಕೊಂಡಿರುತ್ತಿದ್ದಳು. ನನಗೆ ಆಗ ಇಪ್ಪತ್ತೆರಡು. ಕನ್ನಡಿ ನೋಡಿಕೊಂಡರೆ ನನಗೇ ಖುಷಿಯಾಗುವ ವಯಸ್ಸು. ಆದರೂ ಹೊಟ್ಟೆಕಿಚ್ಚಿನಲ್ಲಿ ಬೆಂದವಳು ನಾನು, ಅವಳಲ್ಲ. ಈಗ ಇದನ್ನು ಹೇಳಿದರೆ ಮನೆಯ ಹುಡುಗಿಯರು ನಗುತ್ತಾರೆ. ನಗಲಿ. ಚೆಲುವೆಯೊಬ್ಬಳ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ, ಊರಿನ ಹೆಂಗಸರೆಲ್ಲ ನಮ್ಮ ಪರ ನಿಲ್ಲುತ್ತಾರೆ. ಹಲ್ಲಿಲ್ಲದ ಮುದುಕಿಯ ಮೇಲೆ ಪಟ್ಟರೆ ಹೇಳಿಕೊಳ್ಳಲು ಒಬ್ಬರೂ ಸಿಗುವುದಿಲ್ಲ.

ಬೂದಿಕೋಟೆ ಕಡೆಯ ಹಳ್ಳಿಯಿಂದ ಊರಿಗಾಂನ ಕಂಪನಿ ಮನೆಗೆ ಮದುವೆಯಾಗಿ ಬಂದವಳು ನಾನು. ನಮ್ಮ ಮನೆಯವರು ಅಲ್ಲಿನ ಚಿನ್ನದ ಗಣಿಯ ಸ್ಟೋರ್ಸಿನಲ್ಲಿ ಗುಮಾಸ್ತರು. ದಿನವಿಡೀ ಮೊಳೆ, ಹಗ್ಗ, ಗ್ರೀಸು ತೂಗಿ ಕೊಡುವ ಕೆಲಸ. ಮನೆಗೆ ಬಂದರೆ ಮಾತನ್ನೂ ಹಾಗೆಯೇ ತೂಗಿ ಕೊಡುತ್ತಿದ್ದರು. ‘ಊಟ’, ‘ಬಿಸಿನೀರು’, ‘ಛತ್ರಿ ಎಲ್ಲಿ’, ಇಷ್ಟಾದರೆ ದಿನ ಮುಗಿಯಿತು. ಕೆಟ್ಟವರಲ್ಲ. ಎಂದೂ ಕೈ ಎತ್ತಿದವರಲ್ಲ, ಅನ್ನಕ್ಕೆ ಹೆಸರಿಟ್ಟವರಲ್ಲ. ನಮ್ಮಪ್ಪ ನಮ್ಮಮ್ಮನ ಜೊತೆ ಕೂತು ಮಾತಾಡಿದ್ದನ್ನೂ ನಾನು ಕಂಡಿರಲಿಲ್ಲವಾದ್ದರಿಂದ ಗಂಡಸರು ಇರುವುದೇ ಹೀಗೆ ಎಂದುಕೊಂಡು ಸುಮ್ಮನಿದ್ದೆ. ಇವರಿಗೆ ಮಾತು ಬರುತ್ತದೆ, ಅದೂ ಗಂಟೆಗಟ್ಟಲೆ ಬರುತ್ತದೆ ಎಂದು ಗೊತ್ತಾದದ್ದು ಹೊಗೆ ಸೇದುವ ಪೈಪೊಂದು ಮನೆಗೆ ಬಂದ ಮೇಲೆ.

ಗಣಿ ಸರ್ಕಾರದ ಕೈಗೆ ಬಂದ ಸುಮಾರಿನಲ್ಲಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದರು. ಹೊರಡುವ ಮುಂಚೆ ತಮ್ಮ ಕೈಕೆಳಗಿನ ಗುಮಾಸ್ತರಿಗೆ ಏನಾದರೊಂದು ಸಾಮಾನು ಕೊಟ್ಟು ಹೋಗುವುದು ವಾಡಿಕೆ. ಪಕ್ಕದ ಮನೆಗೆ ಗೋಡೆ ಗಡಿಯಾರ ಬಂತು, ಅದರಾಚೆಯ ಮನೆಗೆ ಒರಗು ಕುರ್ಚಿ ಬಂತು. ನಮ್ಮ ಪಾಲಿಗೆ ಬಂದದ್ದು ಪೈಪು. ಕಂದು ಬಣ್ಣದ ಮರದ ಬುರುಡೆ, ಅದಕ್ಕೊಂದು ಕಪ್ಪು ಕೊಳವೆ, ಕೊಳವೆಯ ತುದಿಯಲ್ಲಿ ದೊರೆಯ ಹಲ್ಲಿನ ಗುರುತು. “ಕಂಡೋರ ಎಂಜಲು ಮನೆಯೊಳಗೆ ಬೇಡ್ರೀ” ಎಂದವಳೂ ನಾನೇ, ಕೊಳವೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ಬಿಸಿನೀರಿನಲ್ಲಿ ತೊಳೆದು ಕೊಟ್ಟವಳೂ ನಾನೇ.

ಪೈಪು ಬಂತು, ಅದನ್ನು ಸೇದುವ ವಿದ್ಯೆ ಬರಲಿಲ್ಲ. ಬೀಡಿಯ ಹಾಗೆ ಜೋರಾಗಿ ಎಳೆದರೆ ನಾಲಿಗೆ ಸುಡುತ್ತಿತ್ತು, ಮೆಲ್ಲಗೆ ಎಳೆದರೆ ಆರಿಹೋಗುತ್ತಿತ್ತು. ಜಗಲಿಯ ಮೇಲೆ ಕೂತು ಕಡ್ಡಿಯ ಮೇಲೆ ಕಡ್ಡಿ ಗೀರುತ್ತಿದ್ದರು. ರಸ್ತೆಯ ಆಚೆ ಬದಿಯಲ್ಲಿ ಒಂದು ಹಳೆಯ ಹೆಂಚಿನ ಮನೆ. ಅಲ್ಲಿ ಸತ್ತುಹೋದ ಫೋರ್ಮನ್ ಒಬ್ಬನ ಹೆಂಡತಿ ಒಂಟಿಯಾಗಿದ್ದಳು. ಆಂಗ್ಲೋ ಇಂಡಿಯನ್ ಹೆಂಗಸು, ಹುಟ್ಟಿ ಬೆಳೆದದ್ದೆಲ್ಲ ಗಣಿಯ ಊರಿನಲ್ಲೇ. ಎಲ್ಲರ ಬಾಯಲ್ಲೂ ಅವಳು ದೊರೆಸಾನಿ. ಗಂಡ ಸತ್ತ ಮೇಲೆ ಅವನ ಪೈಪನ್ನು ತಾನೇ ಬಾಯಿಗಿಟ್ಟುಕೊಂಡು ವರಾಂಡದಲ್ಲಿ ಕೂರುತ್ತಿದ್ದಳು. ಇವರ ಪಾಡು ಎಷ್ಟು ದಿನ ನೋಡಿದಳೋ, ಒಂದು ಸಾಯಂಕಾಲ ಅಲ್ಲಿಂದಲೇ ಕೈಬೀಸಿ ಕರೆದಳು. ಇವರು ಎದ್ದು ಹೋದರು. ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದರು.

ಆಮೇಲೆ ಅದೇ ದಿನಚರಿಯಾಯಿತು. ಸಂಜೆ ಗಣಿಯ ಸೈರನ್ ಕೂಗುತ್ತಿದ್ದಂತೆ ಮನೆಗೆ ಬರುವುದು, ನಾನು ಕೊಟ್ಟ ಕಾಫಿಯನ್ನು ನಿಂತೇ ಕುಡಿಯುವುದು, ರಸ್ತೆ ದಾಟುವುದು. ಆ ಕಾಫಿ ಲೋಟಕ್ಕೂ ಸಂಜೆ ದೀಪಕ್ಕೂ ನಡುವಿನ ಹೊತ್ತು ಇಡೀ ದಿನದಲ್ಲಿ ನಾನು ಕಾದುಕೊಂಡಿರುತ್ತಿದ್ದ ಹೊತ್ತು. ಅತ್ತೆ ಹಿತ್ತಿಲಲ್ಲಿರುತ್ತಿದ್ದರು, ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ, ನಾನು ಮುಖ ತೊಳೆದು ಹೂ ಮುಡಿದಿರುತ್ತಿದ್ದೆ. ಆ ಹೊತ್ತು ನನಗೆ ಬೇಕಾಗಿತ್ತು. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಅದೊಂದು ಹೊತ್ತನ್ನು ಆ ಮುದುಕಿ ಕೈಬೀಸಿ ತೆಗೆದುಕೊಂಡುಬಿಟ್ಟಳು.

ಕಿಟಕಿಯಿಂದ ನೋಡುತ್ತಿದ್ದೆ. ಅವರಿಬ್ಬರ ನಡುವೆ ಒಂದು ಸ್ಟೂಲು. ಅದರ ಮೇಲೆ ಹೊಗೆಸೊಪ್ಪಿನ ಎರಡು ಪುಟ್ಟ ಗುಡ್ಡೆ. ಎರಡನ್ನೂ ದೊರೆಸಾನಿಯೇ ಬೆರೆಸಿದ್ದು. ಒಂದಕ್ಕೂ ಇನ್ನೊಂದಕ್ಕೂ ಒಂದು ಚಿಟಿಕೆಯಷ್ಟು ವ್ಯತ್ಯಾಸ. ಇವರು ಮೊದಲು ಅದನ್ನು ಸೇದಿ, ಬುರುಡೆ ತಣಿಯಲು ಬಿಟ್ಟು, ಆಮೇಲೆ ಇದನ್ನು ಸೇದಿ, ಯಾವುದರಲ್ಲಿ ಏನು ಹೆಚ್ಚಿದೆ ಎಂದು ಹೇಳಬೇಕು. ಅದು ಅವರ ಆಟ. ವಿಲಾಯಿತಿ ತಂಬಾಕಿನ ಡಬ್ಬಿಗಳು ಸಿಗುವುದು ಅಪರೂಪವಾಗಿದ್ದ ಕಾಲ. ಇಲ್ಲಿ ಸಿಗುವ ಎಲೆಯಲ್ಲೇ ಆ ರುಚಿ ಬರಿಸಬೇಕೆಂದು ಅವಳ ಹಟ. ಇವರು ತಲೆ ಒಂದು ಕಡೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ಹೊಗೆ ಬಿಟ್ಟು ಏನೋ ಇಂಗ್ಲಿಷಿನಲ್ಲಿ ಹೇಳುವರು. ಅವಳು ತೊಡೆ ತಟ್ಟಿಕೊಂಡು ನಗುವಳು. ಇವರೂ ನಗುವರು. ಇವರ ನಗು ಹೇಗಿರುತ್ತದೆ ಎಂದು ನಾನು ಮೊದಲು ಕೇಳಿದ್ದು ರಸ್ತೆಯ ಈಚೆಯಿಂದ.

ಒಂದು ದಿನ ಒಳಗೆ ಬಂದವರೇ “ಇವತ್ತು ಕಂಡುಹಿಡಿದುಬಿಟ್ಟೆ” ಎಂದರು. ನನಗೇ ಹೇಳಿದ್ದೋ ಗೋಡೆಗೆ ಹೇಳಿದ್ದೋ ಗೊತ್ತಾಗಲಿಲ್ಲ. ಆಸೆಯಿಂದ ಕೇಳಿದೆ.

“ಏನ್ರೀ ಕಂಡುಹಿಡಿದಿದ್ದು?”

“ಅದೆಲ್ಲ ತಂಬಾಕಿನ ವಿಷಯ. ನಿಂಗೆ ಗೊತ್ತಾಗಲ್ಲ ಬಿಡು.”

ಹೊಗೆಸೊಪ್ಪಿನ ವಿಷಯ ನನಗೆ ಗೊತ್ತಾಗುವುದಿಲ್ಲವಂತೆ! ನಮ್ಮಪ್ಪನ ಬಾವಿಯ ಕೆಳಗೆ ಪ್ರತಿ ವರ್ಷ ಹೊಗೆಸೊಪ್ಪು. ಕೈಗೆ ಅಂಟಂಟು ಹತ್ತಿಸಿಕೊಂಡು ಅದರ ಕುಡಿ ಚಿವುಟಿಕೊಂಡೇ ಬೆಳೆದವಳು ನಾನು. ಆ ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಮಾರನೆಯ ವಾರವೇ ತವರಿಗೆ ಹೋಗಿ ಒಂದು ಕಟ್ಟು ಎಲೆ ತಂದೆ. ಇವರು ಸೇದುವ ಸೊಪ್ಪನ್ನು ನಾನೇ ಮಾಡಿಕೊಟ್ಟರೆ, ಅದು ಅವಳದ್ದಕ್ಕಿಂತ ರುಚಿಯಾದರೆ, ಇವರಿಗೆ ರಸ್ತೆ ದಾಟುವ ಕೆಲಸವೇನು? ನನ್ನ ಲೆಕ್ಕ ಅಷ್ಟೇ ಇದ್ದದ್ದು.

ನಮ್ಮ ಕಡೆ ಎಲೆಯನ್ನು ಹದ ಮಾಡುವುದು ಬೆಲ್ಲದ ನೀರಿನಿಂದ. ನೀರು ಚಿಮುಕಿಸಿ, ಗೋಣಿಯಲ್ಲಿ ಸುತ್ತಿ, ಮೇಲೆ ಕಲ್ಲು ಹೇರಿ ಬಿಡುತ್ತೇವೆ. ಎಲೆಅಡಿಕೆಯ ಜೊತೆ ಹಾಕಿಕೊಳ್ಳುವವರಿಗೆ ಅದು ಅಮೃತ. ನಾನೂ ಹಾಗೆಯೇ ಮಾಡಿದೆ. ಗಂಡನಿಗೆ ಎಂದು ಬೆಲ್ಲ ಇನ್ನಷ್ಟು ಸುರಿದೆ. ಸಣ್ಣಗೆ ಕತ್ತರಿಸಿ, ಇವರು ಕಾಫಿ ಕುಡಿಯುವಾಗ ಪೈಪಿಗೆ ನಾನೇ ತುಂಬಿ ಕೊಟ್ಟೆ. ಕಡ್ಡಿ ತಾಗಿಸಿದ್ದೇ ತಡ, ಬುರುಡೆಯೊಳಗೆ ಬೆಲ್ಲ ಚುರ್ ಎಂದು ಕುದಿಯಿತು. ಕುದಿಯುವ ಪಾಕ ಕೊಳವೆಯಲ್ಲಿ ಹರಿದು ಬಂದು ನಾಲಿಗೆಗೆ ಅಂಟಿತು. ಇವರು ಬಿಡಲಿಲ್ಲ, ಪಾಪ, ಮತ್ತೆರಡು ದಮ್ಮು ಎಳೆದರು. ಬಿಕ್ಕಳಿಕೆ ಶುರುವಾಯಿತು, ತಲೆ ತಿರುಗಿತು, ಜಗಲಿಯ ಮೇಲೆಯೇ ಮಲಗಿಬಿಟ್ಟರು.

ಅತ್ತೆ ಹಿತ್ತಿಲಿಂದ ಓಡಿ ಬಂದರು. ಅವರು ಕುಪ್ಪಂ ಕಡೆಯವರು, ಮಾತಿನಲ್ಲಿ ತೆಲುಗು ಸದಾ ಬೆರೆತಿರುತ್ತಿತ್ತು. ಒಗೆಯುವ ಕಲ್ಲಿನ ಹಿಂದೆ ಕೂತು ಚುಟ್ಟ ಸೇದುವುದು ಅವರ ಅಭ್ಯಾಸ. ಮಗನಿಗೆ ಗೊತ್ತಿಲ್ಲ ಎಂದು ಅವರು ನಂಬಿದ್ದರು. ಗೊತ್ತಿದೆ ಎಂದು ಮಗ ತೋರಿಸಿಕೊಂಡಿರಲಿಲ್ಲ.

“ಅಯ್ಯೋ ನಿನ್ ಮನೆ ಕಾಯೋಗ! ಜಗಿಯೋ ಸೊಪ್ಪನ್ನ ಸೇದಾಕೆ ಕೊಟ್ಟಿದ್ದೀಯಲ್ಲೇ. ನೀರಾಗೆ ನೆನೆಯಾಕಿ ಅದರ ಕಾರ ತೆಗೀಬೇಕು ಅಂಬೋದು ಗೊತ್ತಿಲ್ವಾ? ನನ್ ಮಗನ್ನ ಏನು ಮಾಡಬೇಕಂತಿದ್ದೀಯ?”

ಅದೇ ಹೊತ್ತಿಗೆ ದೊರೆಸಾನಿ ಕುಂಟಿಕೊಂಡು ರಸ್ತೆ ದಾಟಿ ಬಂದಳು. ಕೈಯಲ್ಲಿ ಸೋಡಾ ಬಾಟಲಿ, ನಿಂಬೆಹಣ್ಣು. ಇವರ ತಲೆ ಎತ್ತಿ ಕುಡಿಸಿದಳು. ನನ್ನ ಮುಖ ನೋಡಿ “ಪರ್ವಾಗಿಲ್ಲ ಅಮ್ಮಾ, ನಾನು ಮೊದ್ಲು ಮಾಡಿದ್ದು ಇದಕ್ಕಿಂತ ಮೋಸಂ” ಎಂದಳು, ತಮಿಳು ಬೆರೆಸಿ. ಮೋಸಂ ಎಂದರೆ ಕೆಟ್ಟದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಮಾಧಾನ ಹೇಳಿದಳಲ್ಲ, ಅದು ಮೈಗೆ ಖಾರ ಹಚ್ಚಿದಂತಾಯಿತು.

ನಾನು ಸೋಲುವವಳಲ್ಲ. ಅತ್ತೆ ಹೇಳಿದಂತೆ ಎಲೆಯನ್ನು ನೆನೆಹಾಕಿ, ಕಂದು ನೀರು ಚೆಲ್ಲಿ, ನೆರಳಿನಲ್ಲಿ ಒಣಗಿಸಿದೆ. ಖಾರ ಇಳಿಯಿತು, ಆದರೆ ರುಚಿಯೂ ಇಳಿಯಿತು. ಇದರ ಜೊತೆಗೆ ಬೇರೆ ಎಲೆ ಬೇಕು ಎಂದು ಅತ್ತೆಯೇ ಹೇಳಿದರು. ಅತ್ತೆಗೂ ಚುಟ್ಟದ ಸೊಪ್ಪು ಮುಗಿದಿತ್ತು. ಇಬ್ಬರೂ ರೈಲು ಹತ್ತಿ ಬಂಗಾರಪೇಟೆಗೆ ಹೋದೆವು.

ಸ್ಟೇಷನ್ನಿನ ಹಿಂದೆ ಒಬ್ಬ ಸಾಬರ ಹೊಗೆಸೊಪ್ಪಿನ ಅಂಗಡಿ. ಒಳಗೆ ಕಾಲಿಟ್ಟರೆ ಸೀನು. ಅತ್ತೆ ಒಂದೊಂದೇ ಎಲೆಯನ್ನು ಮೂಸಿ, ಬೆರಳಲ್ಲಿ ಮಡಿಸಿ, ಪಕ್ಕಕ್ಕಿಡುತ್ತಿದ್ದರು. ನನ್ನ ಕಣ್ಣು ಒಂದು ಹಳದಿ ಎಲೆಯ ಕಟ್ಟಿನ ಮೇಲೆ ಬಿತ್ತು. ಗುಂಟೂರು ಕಡೆಯದು, ಮೂಸಿದರೆ ಒಣಗಿದ ಹುಲ್ಲಿನ ಮೆದೆಯ ವಾಸನೆ.

“ಒಳ್ಳೆ ಎಲೆ ತಾಯೀ” ಎಂದರು ಸಾಬರು. “ಊರಿಗಾಂ ದೊರೆಸಾನಿ ಇದನ್ನ ಬಿಟ್ರೆ ಬೇರೆ ಮುಟ್ಟೋದೇ ಇಲ್ಲ.”

ಕಟ್ಟನ್ನು ಕೈಬಿಟ್ಟೆ. “ಹಾಗಾದ್ರೆ ಇದು ಬೇಡ” ಎಂದು ಅಂಗಡಿ ಇಳಿದು ಹೊರಟೇಬಿಟ್ಟೆ. ಬೀದಿಯ ತಿರುವಿನವರೆಗೆ ಹೋಗಿ ನಿಂತೆ. ಅವಳ ಎಲೆ ಬೇಡವೆಂದರೆ ಅವಳ ರುಚಿ ಎಲ್ಲಿಂದ ಬರಬೇಕು? ಬಂದ ದಾರಿಯಲ್ಲೇ ತಿರುಗಿ, ಮುಖ ಬಿಗಿದುಕೊಂಡು ಅದೇ ಕಟ್ಟನ್ನು ತೆಗೆದುಕೊಂಡೆ. ಅತ್ತೆ ರೈಲಿನಲ್ಲಿ ಬರುವಷ್ಟು ದೂರವೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಈ ಸಲ ಹಳದಿ ಎಲೆ ಹೆಚ್ಚು, ನಮ್ಮಪ್ಪನ ಎಲೆ ಕಡಿಮೆ. ದೊರೆಸಾನಿ ಕ್ರಿಸ್ಮಸ್ ಕೇಕಿಗೆಂದು ರಮ್ಮಿನಲ್ಲಿ ದ್ರಾಕ್ಷಿ ನೆನೆಹಾಕಿದ ರಸವನ್ನು ಎಲೆಗೆ ಚಿಮುಕಿಸುತ್ತಾಳೆಂದು ಅತ್ತೆ ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದರು. ನಮ್ಮ ಮನೆಗೆ ಆ ರಸ ಬರುವ ಹಾಗಿಲ್ಲ. ನಾನು ಒಣದ್ರಾಕ್ಷಿಯನ್ನು ನೀರಿನಲ್ಲಿ ಕುದಿಸಿ, ಬೆಲ್ಲ ಸ್ವಲ್ಪವೇ ಸೇರಿಸಿ, ಕೈಯಲ್ಲಿ ಎರಚಿದೆ. ಬಟ್ಟೆಯಲ್ಲಿ ಕಟ್ಟಿ, ಮೇಲೆ ಒರಳಿನ ಗುಂಡು ಹೇರಿದೆ. ಕೆಲವು ದಿನ ಕಳೆದು ಬಿಚ್ಚಿದಾಗ ಅದು ಹಲಗೆಯಂತೆ ಗಟ್ಟಿಯಾಗಿ ಕೂತಿತ್ತು. ಈಳಿಗೆಯಲ್ಲಿ ತೆಳ್ಳಗೆ ಹೆಚ್ಚಿ, ಉದುರಿಸಿ, ಉಪ್ಪಿನಕಾಯಿ ಹಾಕದ ಹೊಸ ಭರಣಿಯಲ್ಲಿ ತುಂಬಿದೆ. ಒಣಗದಿರಲೆಂದು ಹಸಿ ಆಲೂಗಡ್ಡೆಯ ಒಂದು ಬಿಲ್ಲೆ ಒಳಗಿಟ್ಟೆ.

ರುಚಿ ನೋಡುವುದು ಹೇಗೆ? ನಾನು ಸೇದುವಂತಿಲ್ಲ. ಇವರ ಅಂಗಿಯ ಜೇಬಿನಲ್ಲಿ ಉಳಿದಿದ್ದ ದೊರೆಸಾನಿಯ ಸೊಪ್ಪನ್ನು ಗೋರಿ ತೆಗೆದೆ. ಅದನ್ನೂ ನನ್ನದನ್ನೂ ಅತ್ತೆ ಒಗೆಯುವ ಕಲ್ಲಿನ ಹಿಂದೆ ಕೂತು ಒಂದೊಂದು ಚುಟ್ಟವಾಗಿ ಸುತ್ತಿಕೊಂಡರು. ಒಂದಾದ ಮೇಲೆ ಒಂದು ಸೇದಿದರು. ನಾನು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಅವರ ಮುಖವನ್ನೇ ನೋಡುತ್ತಿದ್ದೆ.

“ಎರಡೂ ಒಂದೇ ತಾಯಿ ಮಕ್ಳು ಕಣೇ” ಎಂದರು ಅತ್ತೆ. “ಅವಳ್ದು ಮೊದ್ಲು ಸುಮ್ಕಿದ್ದು ಕೊನೆಗೆ ಮಾತಾಡ್ತದೆ. ನಿಂದು ಬಾಗಿಲಾಗೇ ನಿಂತ್ಕೊಂಡು ಕೂಗ್ತದೆ.”

“ಕೂಗದ ಹಾಗೆ ಮಾಡೋದು ಹೇಗೆ ಅತ್ತೆ?”

“ಬೆಲ್ಲ ಇನ್ನೂ ಕಮ್ಮಿ ಮಾಡು. ಬೇಗ ಬಿಚ್ಚಬೇಡ, ಕಲ್ಲಿನ ಕೆಳಗೇ ಬಿದ್ದಿರ್ಲಿ. ಸೊಪ್ಪಿಗೂ ತಾಳ್ಮೆ ಬೇಕು, ನಿಂಗೂ ಬೇಕು.”

ಹಾಗೆಯೇ ಮಾಡಿದೆ. ಮುಂದಿನ ಸಲ ಅತ್ತೆ ಎರಡನ್ನೂ ಸೇದಿ ತುಂಡುಗಳನ್ನು ಕಲ್ಲಿಗೆ ಒತ್ತಿ ಆರಿಸಿದರು. ಆಮೇಲೆ ಅವಳದ್ದರಲ್ಲಿ ಸುಟ್ಟ ದ್ರಾಕ್ಷಿ, ನಿನ್ನದರಲ್ಲಿ ದೂರದ ಆಲೆಮನೆ, ಅಷ್ಟು ಬಿಟ್ಟರೆ ಬೇರೆ ಭೇದವಿಲ್ಲ ಎಂದರು. ಅಷ್ಟು ಭೇದ ನನಗೂ ಬೇಕಾಗಿತ್ತು. ಪೂರ್ತಿ ಅವಳದ್ದೇ ಆದರೆ ಅದರಲ್ಲಿ ನಾನೆಲ್ಲಿರುತ್ತೇನೆ?

ಇವರಿಗೆ ಕೊಟ್ಟೆ. ಅಂದು ಕಾಫಿಯನ್ನು ಕೂತು ಕುಡಿದರು. ಪೈಪು ಹಚ್ಚಿದರು. ಹೊಗೆ ನೀಲಿಯಾಗಿ, ಸಣ್ಣಗೆ ಎದ್ದಿತು. ಹುಬ್ಬು ಮೇಲೆ ಹೋಯಿತು. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದೆ.

“ಅರೆ, ಇದು ಅವರದ್ದರ ಹಾಗೇ ಇದೆಯಲ್ಲ! ಅವರಿಗೆ ತೋರಿಸ್ಬೇಕು ತಡಿ” ಎಂದವರೇ ಭರಣಿಯಿಂದ ಒಂದು ಹಿಡಿ ತೆಗೆದು ಕಾಗದದಲ್ಲಿ ಕಟ್ಟಿಕೊಂಡು ರಸ್ತೆ ದಾಟಿದರು.

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ. ಅಲ್ಲಿಯವರೆಗೆ ಅವರ ಆಟಕ್ಕೆ ಅವಳ ಎರಡು ಗುಡ್ಡೆ ಇದ್ದವು. ಈಗ ನನ್ನದೂ ಸೇರಿ ಮೂರಾದವು. ಹೋಲಿಸಲು ಇನ್ನಷ್ಟು ಸಿಕ್ಕಿತು, ಮಾತು ಇನ್ನಷ್ಟು ಉದ್ದವಾಯಿತು. ನಾನು ಮೈಮುರಿದು ಎಲೆ ಹದ ಮಾಡುವುದು, ಅವರಿಬ್ಬರೂ ಕೂತು ಅದರ ಸಂಭ್ರಮ ಪಡುವುದು. ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಇವರು ಬರತೊಡಗಿದರು.

ಒಂದು ಸಂಜೆ ತಡೆಯಲಾರದೆ “ನೀವಾದ್ರೂ ಹೋಗಿ ನಿಮ್ಮ ಮಗನ್ನ ಕರ್ಕೊಂಡು ಬನ್ನಿ ಅತ್ತೆ” ಎಂದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ಹೊರಟವರಂತೆ ಹೊರಟರು. ನಾನು ಕಿಟಕಿಯಲ್ಲಿ ನಿಂತೆ. ದೊರೆಸಾನಿ ಎದ್ದು ಕುರ್ಚಿ ಎಳೆದು ಹಾಕಿದಳು. ಅತ್ತೆ ಬೇಡವೆಂಬಂತೆ ಕೈಯಾಡಿಸಿ, ಆಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಸೊಂಟದಿಂದ ಚುಟ್ಟ ತೆಗೆದರು. ಮಗನ ಎದುರಿಗೇ! ಮಗ ಕಡ್ಡಿ ಗೀರಿ ಕೊಟ್ಟರು. ಆ ವರಾಂಡದಿಂದ ಮೂರು ಹೊಗೆ ಏಳುವುದನ್ನು ನೋಡುತ್ತ ನಾನು ಇಲ್ಲಿ ಒಬ್ಬಳೇ ನಿಂತಿದ್ದೆ. ಆಗ ನೆಲದಡಿಯ ಗಣಿಯಲ್ಲಿ ಎಲ್ಲೋ ಬಂಡೆ ಸಿಡಿದು ಮನೆಯ ಪಾತ್ರೆಗಳೆಲ್ಲ ಗಡಗಡ ಎಂದವು. ಅವರು ಮೂವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ವಾಪಸು ಬಂದ ಅತ್ತೆಯ ಮುಖ ಅರಳಿತ್ತು. “ಒಳ್ಳೆ ಮುದ್ಕಿ ಕಣೇ. ಸುಮ್ಕೆ ಬೈಕೊಂತಿದ್ದೆ ನಾನೂನು. ನಿನ್ ಸೊಪ್ಪನ್ನ ಏನು ಒಗಳ್ತಾಳೆ ಅಂತೀಯ! ತನ್ನದಕ್ಕಿಂತ ನಿಂದೇ ಮೇಲು ಅಂದ್ಳು.”

ಹೊಟ್ಟೆಯೊಳಗೆ ಏನೋ ತಂಪಾಯಿತು. ಕೂಡಲೇ ಕೇಳಿದೆ. “ಇವರೇನಂದ್ರು?”

ಅತ್ತೆ ಎಲೆಅಡಿಕೆ ತಟ್ಟೆ ಹುಡುಕುವವರಂತೆ ಆಚೆ ತಿರುಗಿದರು. ನಾನು ಬಿಡದೆ ಮತ್ತೆ ಕೇಳಿದೆ.

“ಅವ್ನು ಇಲ್ಲ ಅಂದ. ನಿಮ್ಮದೇ ಮೇಲು ಅಂದ ಅವ್ಳಿಗೆ. ಇತ್ತಲ ಗಿಡ ಮದ್ದಲ್ಲ ಅಂಬ್ತಾರಲ್ಲೇ, ಅಂಗೆ. ಮನಸಿಗಾಕ್ಕೊಬೇಡ.”

ಮನಸ್ಸಿಗೆ ಹಾಕಿಕೊಂಡೆ. ಅಂದು ಮುದ್ದೆಯ ಸಾರಿಗೆ ಉಪ್ಪು ಹಾಕಲಿಲ್ಲ. ಇವರು ಸುಮ್ಮನೆ ತಿಂದು ಎದ್ದರು.

ಹೀಗೆ ಎಷ್ಟೋ ಕಾಲ ನಡೆಯಿತು. ಆಮೇಲೆ ದೊರೆಸಾನಿಯ ಮಗ ಆಸ್ಟ್ರೇಲಿಯಾದಿಂದ ಅವಳಿಗೆ ಟಿಕೆಟ್ಟು ಕಳಿಸಿದ. ಊರಿಗಾಂನ ಆಂಗ್ಲೋ ಇಂಡಿಯನ್ ಜನರೆಲ್ಲ ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಅವಳ ಸರದಿಯೂ ಬಂತು. ಹೊರಡುವ ದಿನ ನಮ್ಮ ಮನೆಗೆ ಬಂದಳು. ನನ್ನ ಎರಡೂ ಕೈ ಹಿಡಿದು, ಅಂಗೈಯನ್ನು ಮೂಗಿಗೆ ಹಿಡಿದುಕೊಂಡು ಮೂಸಿದಳು. “ಒಳ್ಳೆ ಕೈ ಅಮ್ಮಾ ನಿಂದು. ನಾನು ನಿನ್ ಗಂಡನಿಗೆ ಹೇಳ್ತೀನಿ, ಅವನು ನಂಬೋದಿಲ್ಲ” ಎಂದಳು. ನಾನು ಕುಂಕುಮ ಕೊಡಲೋ ಬೇಡವೋ ತಿಳಿಯದೆ ಒಂದು ಬಾಳೆಹಣ್ಣು ಕೊಟ್ಟೆ. ಇವರು ರಜೆ ಹಾಕಿ ಬಂಗಾರಪೇಟೆಯವರೆಗೆ ಹೋಗಿ ಮದರಾಸಿನ ರೈಲು ಹತ್ತಿಸಿ ಬಂದರು. ಬರುವಾಗ ಕೈಯಲ್ಲಿ ಒಂದು ಹಸಿರು ತಗಡಿನ ಡಬ್ಬಿ. ಅವಳು ಕೊನೆಯದಾಗಿ ಬೆರೆಸಿದ ಸೊಪ್ಪು ಅದರಲ್ಲಿತ್ತು.

ನಾನು ಅಂದು ಹೋಳಿಗೆ ಮಾಡಿದೆ. ಅತ್ತೆ “ಇದ್ಯಾವ ಅಬ್ಬನೇ?” ಎಂದರು. “ಸುಮ್ಮನೆ, ತಿನ್ನಬೇಕು ಅನ್ನಿಸ್ತು” ಎಂದೆ.

ಮಾರನೆಯ ದಿನದಿಂದ ಆ ಹೊತ್ತು ನನ್ನದಾಯಿತು. ಇವರು ಕಾಫಿ ಕುಡಿದು ಜಗಲಿಯ ಮೇಲೆಯೇ ಕೂತರು. ನಾನು ಹೂ ಮುಡಿದು ಹೊಸ್ತಿಲ ಬಳಿ ಕೂತೆ. ಬೇತಮಂಗಲದ ಕೆರೆ ತುಂಬಿದೆಯಂತೆ ಎಂದೆ. “ಹೂಂ” ಎಂದರು. ಎದುರು ಮನೆಗೆ ಯಾರೋ ಹೊಸಬರು ಬರುತ್ತಾರಂತೆ ಎಂದೆ. ಅದಕ್ಕೆ “ಹೂಂ” ಕೂಡ ಇಲ್ಲ. ಬೀಗ ಹಾಕಿದ ಆ ವರಾಂಡವನ್ನೇ ನೋಡುತ್ತಿದ್ದರು. ನನ್ನ ಭರಣಿಯ ಸೊಪ್ಪನ್ನು ದಿನವೂ ಸೇದುತ್ತಿದ್ದರು, ಅನ್ನ ಉಂಡಂತೆ, ಒಂದು ಮಾತೂ ಆಡದೆ.

ಭಾನುವಾರ ಮಾತ್ರ ಹಸಿರು ಡಬ್ಬಿ ತೆಗೆಯುತ್ತಿದ್ದರು. ಅವಳ ಸೊಪ್ಪನ್ನು ಪೈಪಿಗೆ ತುಂಬಿ ಹಚ್ಚಿದರೆ ಮುಖ ತಿಳಿಯಾಗುತ್ತಿತ್ತು, ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಕೇಳಲು ಬೇರೆ ಯಾರೂ ಇಲ್ಲದ್ದರಿಂದ ನನಗೇ ಹೇಳುತ್ತಿದ್ದರು. ಮೊದಲ ದಮ್ಮಿಗೆ ಏನೂ ಇರುವುದಿಲ್ಲ, ಅರ್ಧ ಬುರುಡೆ ಉರಿದ ಮೇಲೆ ದ್ರಾಕ್ಷಿ ಬರುತ್ತದೆ ನೋಡು, ಎನ್ನುತ್ತಿದ್ದರು. ಚಿಕ್ಕಂದಿನ ಶಾಲೆಯ ಮಾತು, ಸ್ಟೋರ್ಸಿನ ಮಾತು, ನಾನೆಂದೂ ಕೇಳದ ಅವರಪ್ಪನ ಮಾತು. ಸಂಸಾರ ಶುರುವಾದಾಗಿನಿಂದ ನಾನು ಕಾದದ್ದು ಅದಕ್ಕೇ. ಅದು ಸಿಗುತ್ತಿದ್ದದ್ದು ಅವಳ ಹೊಗೆಯ ಹಿಂದೆ.

ಡಬ್ಬಿ ಇಳಿಯುತ್ತ ಬಂತು. ಒಂದು ದಿನ ಮುಚ್ಚಳ ತೆಗೆದು ನೋಡಿದೆ, ತಳ ಕಾಣುತ್ತಿತ್ತು. ಇದು ಖಾಲಿಯಾದರೆ ಭಾನುವಾರವೂ ಖಾಲಿ. ನನ್ನ ಭರಣಿಯಿಂದ ಒಂದು ಹಿಡಿ ತೆಗೆದು ಅದಕ್ಕೆ ಹಾಕಿ ಕಲಸಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಗೊತ್ತಾಗಲಿಲ್ಲ.

“ಏನೇ ಇದು? ಸವತಿಗೆ ನಿನ್ ಕೈಯ್ಯಾರೆ ಸೀರೆ ಉಡಿಸ್ತಿದ್ದೀಯಲ್ಲೇ!”

ನಾನು ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ. ಅವರು ಮಗನಿಗೆ ಹೇಳಲಿಲ್ಲ.

ಮೊದಮೊದಲು ಹೆದರಿಕೆಯಿತ್ತು, ಒಂದು ಚಿಟಿಕೆ ಭೇದವನ್ನೂ ಹಿಡಿಯುವ ನಾಲಿಗೆ ಅದು ಎಂದು. ಭಾನುವಾರ ಬಂತು, ಸೇದಿದರು, “ಹಳೇದಾದಷ್ಟೂ ರುಚಿ ಬರ್ತಿದೆ ನೋಡು ಅವರದ್ದು” ಎಂದರು. ಮತ್ತೊಂದು ಹಿಡಿ ಹಾಕಿದೆ, ಮತ್ತೊಂದು. ಕೊನೆಗೆ ಆ ಡಬ್ಬಿಯಲ್ಲಿ ಅವಳದ್ದೆಂದು ಒಂದು ಎಳೆಯೂ ಉಳಿಯಲಿಲ್ಲ. ಭರಣಿಯಲ್ಲಿದ್ದದ್ದೂ ಡಬ್ಬಿಯಲ್ಲಿದ್ದದ್ದೂ ಒಂದೇ ಕಲ್ಲಿನ ಕೆಳಗೆ ಮಲಗಿ ಎದ್ದ ಒಂದೇ ಸೊಪ್ಪು. ಆದರೂ ಶನಿವಾರ ನನ್ನದನ್ನು ಸೇದಿ ಸುಮ್ಮನಿರುತ್ತಿದ್ದವರು ಭಾನುವಾರ ಡಬ್ಬಿಯದನ್ನು ಸೇದಿ ಹೊಗಳಿದ್ದೇ ಹೊಗಳಿದ್ದು. ನನಗೆ ನನ್ನ ಕೈಯ ಮೇಲೆಯೇ ಹೊಟ್ಟೆಕಿಚ್ಚು ಬಂತು. ಇಂಥದ್ದನ್ನು ಯಾವ ಹೆಂಗಸು ಕಂಡಿದ್ದಾಳು!

ತೂಕದ ಕೆಲಸ ಮಾಡುವ ಮನುಷ್ಯನಿಗೆ ಡಬ್ಬಿ ಖಾಲಿಯಾಗದ್ದು ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. “ಒತ್ತಿ ತುಂಬಿದ್ದಾರೆ ಮಹಾರಾಯ್ತಿ, ಅದಕ್ಕೇ ಇಷ್ಟು ದಿನ ಬರ್ತಿದೆ” ಎಂದು ಒಂದು ಸಲ ಅವರೇ ಹೇಳಿದರು. ಅದರ ಕೀರ್ತಿಯೂ ಅವಳಿಗೇ ಹೋಯಿತು! ಗೊತ್ತಿರಲಿಲ್ಲವಾದರೆ ಪೆದ್ದರು. ಗೊತ್ತಿದ್ದೂ ಅವಳ ಹೆಸರಿನಲ್ಲೇ ಹೊಗಳಿದರಾದರೆ ಅದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಎರಡರಲ್ಲಿ ಯಾವುದನ್ನು ನೆನೆದರೂ ಇಂದಿಗೂ ಹೊಟ್ಟೆ ಉರಿಯುತ್ತದೆ.

ಒಂದು ಭಾನುವಾರ ಸ್ಟೋರ್ಸಿನ ಇವರ ಸ್ನೇಹಿತರೊಬ್ಬರು ಬಂದರು. ಅವರೂ ಯಾವುದೋ ದೊರೆಯ ಪೈಪು ಪಡೆದು ಸೇದಲು ಕಲಿತವರು. ಇವರು ಅವರಿಗೆ ಮೊದಲು ಭರಣಿಯದನ್ನು ಕೊಟ್ಟರು, ಆಮೇಲೆ ಡಬ್ಬಿಯದನ್ನು. ಸ್ನೇಹಿತರು ಎರಡನ್ನೂ ಸೇದಿ ತಲೆ ಕೆರೆದುಕೊಂಡರು.

“ಎರಡೂ ಒಂದೇ ಅಲ್ವಾ ಸ್ವಾಮೀ?”

“ನಿಮ್ಮ ನಾಲಿಗೆಗೆ ಏನಾಗಿದೆ?” ಎಂದರು ಇವರು. “ಭರಣಿಯದು ನಮ್ಮ ಮನೇದು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಡಬ್ಬಿಯದರಲ್ಲಿ ಕೊನೆಗೊಂದು ಏನೋ ಬರುತ್ತೆ. ಅದು ಕಲಿತು ಬರೋದಲ್ಲ.”

ಸ್ನೇಹಿತರು ಒಪ್ಪಲಿಲ್ಲ. ಮತ್ತೆ ಸೇದಿದರು, ಮತ್ತೆ ತಲೆಯಾಡಿಸಿದರು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, “ನೀವೇ ಹೇಳೀಮ್ಮಾ, ಮನೆಯಲ್ಲಿರೋರು. ಎರಡೂ ಒಂದೇ ತಾನೆ?” ಎಂದರು.

ಒಳಗೆ ಅತ್ತೆ ಕೆಮ್ಮುವುದು ನಿಲ್ಲಿಸಿದ್ದು ನನಗೆ ಕೇಳಿಸಿತು. ನಾಲಿಗೆಯ ತುದಿಯಲ್ಲಿತ್ತು ಮಾತು. ಎರಡೂ ನನ್ನದೇ ಎಂದರೆ ಮುಗಿಯಿತು, ಆ ಮುದುಕಿ ಅಂದೇ ನಮ್ಮ ಮನೆ ಬಿಟ್ಟು ಹೋಗುತ್ತಿದ್ದಳು. ಇವರ ಮುಖ ನೋಡಿದೆ. ಸೋಲಲು ಮನಸ್ಸಿಲ್ಲದವರಂತೆ ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಈ ಡಬ್ಬಿ ಹೋದರೆ ಮುಂದಿನ ಭಾನುವಾರ ಈ ಮುಖ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ವಾರದ ಮಿಕ್ಕ ದಿನಗಳೆಲ್ಲ ಅದನ್ನೇ ನೋಡುತ್ತಿದ್ದೆನಲ್ಲ.

“ಇಲ್ಲ ಅಣ್ಣಾ, ಡಬ್ಬಿಯದೇ ಚೆನ್ನಾಗಿದೆ. ನನ್ನದರಲ್ಲಿ ಅದು ಬರಲ್ಲ” ಎಂದೆ.

ಸ್ನೇಹಿತರು ಕಾಫಿ ಕುಡಿದು ಹೋದರು. ಇವರು ನನ್ನನ್ನು ನೋಡಿ ನಕ್ಕರು. ರಸ್ತೆಯ ಆಚೆಯಿಂದ ಮಾತ್ರ ಕೇಳಿದ್ದ ಅದೇ ನಗು, ನನ್ನ ಮುಖಕ್ಕೆ ನೇರವಾಗಿ.

“ಈಗ ನಿಂಗೂ ಗೊತ್ತಾಗ್ತಿದೆ ನೋಡು ವ್ಯತ್ಯಾಸ” ಎಂದರು. “ಬಾ, ಕೂತ್ಕೋ.”

ಜಗಲಿಯ ಮೇಲೆ ತಮ್ಮ ಪಕ್ಕದಲ್ಲಿ ಜಾಗ ಮಾಡಿದರು. ಕೂತೆ. ದೀಪ ಹಚ್ಚುವ ಹೊತ್ತಿನವರೆಗೆ ಇವರು ನನ್ನ ಜೊತೆ ಮಾತಾಡಿದರು, ಹೊಟ್ಟೆ ತುಂಬುವಷ್ಟು ಮಾತು. ಎಲ್ಲವೂ ಅವಳದ್ದೇ.